ದೋಸ್ತ, ಆ ಎರಡು ಕಾರುಗಳ ಬಗ್ಗೆ

ಕಲಬುರಗಿ

ಪ್ರೀತಿಯ ದೋಸ್ತ,

ಶರಣು. ನಿನ್ನ ವಾಯ್ಸ್ ಮೆಸೇಜ್ ಮೂರು ಸಲ ಕೇಳಿದೆ. ದುಬೈ ಬಿಟ್ಟು ಬರುತ್ತೀಯ, ಕಪನೂರಿನ ದಾಲ್ ಮಿಲ್ ಇನ್ನು ನೀನೇ ನೋಡಿಕೊಳ್ಳುತ್ತೀಯ ಅಂತ ಕೇಳಿದಾಗ ಎಷ್ಟು ಖುಷಿ ಆಯ್ತು ಗೊತ್ತಾ. ನಿಮ್ಮ ಅವ್ವ ಮೊನ್ನೆ ಶರಣಬಸವೇಶ್ವರ ಗುಡಿಯಲ್ಲಿ ಸಿಕ್ಕಿದ್ದರು. ಅವರ ಮುಖ ನೋಡಿಯೇ ಸುದ್ದಿ ಏನಂತ ನನಗೆ ತಿಳಿದಿತ್ತು.

ಇನ್ನು ಕಾರಿನ ಮಾತು. ಬಿಎಂಡಬ್ಲ್ಯು ಎಂ340ಐ ತಗೊಳ್ಳಲೋ, ಮರ್ಸಿಡಿಸ್‌ನ ಎಎಂಜಿ (ಅವರ ವೇಗದ ಗಾಡಿಗಳ ವಿಭಾಗ) ಸಿ43 ತಗೊಳ್ಳಲೋ ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆದೆ. ನಮ್ಮ ಕಡೆಯ ಇನ್ಯಾರಾದರೂ ಇದೇ ಯೋಚನೆಯಲ್ಲಿದ್ದರೆ ಅವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದೇನೆ.

ಹೋದ ತಿಂಗಳು ಹೈದರಾಬಾದಿಗೆ ಹೋಗಿದ್ದೆ. ನಾನು ಒಂಬತ್ತು ವರ್ಷ ಕೆಲಸ ಮಾಡಿದ ಗ್ಯಾರೇಜಿನ ಹುಡುಗರು ಎರಡೂ ಗಾಡಿ ಓಡಿಸಲು ವ್ಯವಸ್ಥೆ ಮಾಡಿಕೊಟ್ಟರು. ಒಂದೇ ದಿನ, ಒಂದೇ ರಸ್ತೆ. ಹಾಗಾಗಿ ಇದು ಓದಿ ಹೇಳುವ ಮಾತಲ್ಲ.

ಮೊದಲು ಲೆಕ್ಕ. ಎಂ340ಐ ಮೂರು ಲೀಟರಿನ ಆರು ಸಿಲಿಂಡರ್ ಎಂಜಿನ್, 374 ಅಶ್ವಶಕ್ತಿ. ಸಿ43 ಎರಡೇ ಲೀಟರಿನ ನಾಲ್ಕು ಸಿಲಿಂಡರ್, ಆದರೂ 408 ಅಶ್ವಶಕ್ತಿ. ಟಾರ್ಕ್, ಅಂದರೆ ಎಂಜಿನ್ ತಿರುಚಿ ಎಳೆಯುವ ಬಲ, ಎರಡರಲ್ಲೂ 500 ನ್ಯೂಟನ್ ಮೀಟರ್. ಸೊನ್ನೆಯಿಂದ ನೂರಕ್ಕೆ ಬಿಎಂಡಬ್ಲ್ಯುಗೆ 4.4 ಸೆಕೆಂಡ್, ಎಎಂಜಿಗೆ 4.6. ಎರಡಕ್ಕೂ ನಾಲ್ಕು ಚಕ್ರಕ್ಕೂ ಶಕ್ತಿ ಹೋಗುತ್ತದೆ, ಎರಡರ ವೇಗಕ್ಕೂ 250 ಕಿಲೋಮೀಟರಿನ ಮಿತಿ. ಇಷ್ಟನ್ನೇ ನೋಡಿದರೆ ಚೀಟಿ ಎತ್ತಬೇಕಷ್ಟೇ.

ಆದರೆ ಆ 500 ಯಾವಾಗ ಸಿಗುತ್ತದೆ ನೋಡು. ಬಿಎಂಡಬ್ಲ್ಯುನಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 1,900 ಸುತ್ತು ತಿರುಗುವಾಗಲೇ ಪೂರ್ತಿ ಬಂದುಬಿಡುತ್ತದೆ, 5,000ದ ತನಕ ಹಾಗೇ ಇರುತ್ತದೆ. ಎಎಂಜಿಯಲ್ಲಿ ಅದು ತುದಿ ಮುಟ್ಟುವುದೇ 5,000ಕ್ಕೆ. ದುಬೈಯ ಅಗಲ ರಸ್ತೆಯಲ್ಲಿ ಈ ವ್ಯತ್ಯಾಸ ನಿನಗೆ ಗೊತ್ತೇ ಆಗುವುದಿಲ್ಲ. ಸೇಡಂ ರೋಡಿನಲ್ಲಿ ಗೊತ್ತಾಗುತ್ತದೆ. ಸಿಮೆಂಟ್ ಲಾರಿಗಳು ಒಂದರ ಹಿಂದೆ ಒಂದು ಮಲಗಿದ ಹಾಗೆ ಹೋಗುತ್ತಿರುತ್ತವೆ. ಎದುರಿಗೆ ಒಂದು ಚೂರು ಜಾಗ ಸಿಗುತ್ತದೆ, ಅಷ್ಟರಲ್ಲಿ ದಾಟಬೇಕು. ಆಗ ಗೇರ್ ಇಳಿಯಲಿ, ಎಂಜಿನ್ ಮೇಲೇರಲಿ ಅಂತ ಕಾಯುವುದಕ್ಕೆ ಆಗಲ್ಲ. ಕಾಲಿಟ್ಟ ಕೂಡಲೇ ಎಳೆಯಬೇಕು. ಎಂ340ಐ ಎಳೆಯುತ್ತದೆ. ಬೆನ್ನು ಸೀಟಿಗೆ ಒತ್ತಿಕೊಂಡು ಲಾರಿ ಕನ್ನಡಿಯಲ್ಲಿ ಸಣ್ಣದಾಗುವ ತನಕ ಒಂದೇ ಉಸಿರು.

ಸಿ43 ಕೈಲಾಗದ ಗಾಡಿ ಅಂತ ತಿಳಿಯಬೇಡ. ಆ ಎಂಜಿನ್ ಕಂಡರೆ ನನಗೆ ನಿಜವಾಗಿ ಗೌರವ. ಜರ್ಮನಿಯ ಅಫಾಲ್ಟರ್‌ಬಾಖ್ ಊರಿನಲ್ಲಿ ಒಬ್ಬನೇ ಕೆಲಸಗಾರ ಅದನ್ನು ಮೊದಲಿನಿಂದ ಕೊನೆಯ ತನಕ ಕೈಯಾರೆ ಜೋಡಿಸುತ್ತಾನೆ. ಎಂಜಿನ್ ಮೇಲೆ ಅವನ ಸಹಿಯ ತಗಡು ಇರುತ್ತದೆ. ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊದ ಎರಡು ಚಕ್ರಗಳ ನಡುವಿನ ಅಕ್ಷದ ಮೇಲೇ ಒಂದು ಸಣ್ಣ ಎಲೆಕ್ಟ್ರಿಕ್ ಮೋಟಾರ್ ಕೂರಿಸಿದ್ದಾರೆ, 48 ವೋಲ್ಟಿನದ್ದು. ಹೊಗೆಯ ಒತ್ತಡ ಸಾಲುವ ಮುಂಚೆಯೇ ಅದು ಟರ್ಬೊ ತಿರುಗಿಸಲು ಶುರು ಮಾಡುತ್ತದೆ. ಫಾರ್ಮುಲಾ ಒನ್ ಗಾಡಿಗಳಿಂದ ಬಂದ ಜಾಣತನ ಅದು. ಸ್ಟೀರಿಂಗ್ ತಿರುಗಿಸಿದಾಗ ಹಿಂದಿನ ಚಕ್ರಗಳೂ ಎರಡೂವರೆ ಡಿಗ್ರಿಯಷ್ಟು ತಿರುಗುತ್ತವೆ. ನಿಮ್ಮ ಮನೆಯ ಓಣಿಯಲ್ಲಿ ತಿರುವು ತೆಗೆದುಕೊಳ್ಳಲು ಇದು ಸುಲಭ. ಒಳಗಿನ ಸ್ಕ್ರೀನು, ಸೀಟು, ಬೆಳಕು ಎಲ್ಲದರಲ್ಲೂ ಮರ್ಸಿಡಿಸ್ ಮುಂದಿದೆ. ಅದನ್ನು ಒಪ್ಪಲೇಬೇಕು.

ಆದರೂ ನನ್ನ ಮನಸ್ಸು ಇನ್ನೊಂದು ಕಡೆಗಿದೆ. ಕಾರಣ ನೀನೇ.

ಹುಮನಾಬಾದ್ ರೋಡಿನ ಕಟ್ಟೆಯ ಮೇಲೆ ಕೂತು ನೀನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ, ನೆನಪಿದೆಯಾ? ಇದು 407, ಇದು ಲೇಲ್ಯಾಂಡ್, ಇದು ಮಟಾಡೋರ್ ಅಂತ ಬರೀ ಸದ್ದಿನಲ್ಲೇ ಹೇಳುತ್ತಿದ್ದೆ. ನಿಮ್ಮ ಅಪ್ಪನ ಲಾರಿ ಇನ್ನೂ ದೂರ ಇರುವಾಗಲೇ "ಅಪ್ಪ ಬಂದ್ರು" ಅಂತ ಎದ್ದು ಓಡುತ್ತಿದ್ದೆ. ಆ ಕಿವಿ ನಿನ್ನದು. ಆರು ಪಿಸ್ಟನ್ ಒಂದೇ ಸಾಲಿನಲ್ಲಿ ನಿಂತಾಗ ಒಂದರ ಅದುರನ್ನು ಇನ್ನೊಂದು ಸರಿದೂಗಿಸುತ್ತದೆ. ಅದಕ್ಕೇ ಆ ಎಂಜಿನ್ ನಿಂತಲ್ಲಿ ಅಷ್ಟು ನಯ. ತುಳಿದಾಗ ಸದ್ದು ಒಂದೇ ಎಳೆಯಾಗಿ ಏರುತ್ತದೆ, ಎಲ್ಲೂ ಒಡೆಯುವುದಿಲ್ಲ. ಬಿಎಂಡಬ್ಲ್ಯು ಇಂಥ ಸಾಲು ಆರು ಸಿಲಿಂಡರ್ ಎಂಜಿನ್ನನ್ನು ಕಾರಿಗೆ ಕೂರಿಸಲು ಶುರು ಮಾಡಿದ್ದು 1933ರಲ್ಲಿ. ಸಿ43 ಸದ್ದಿನಲ್ಲಿ ಸಿಟ್ಟಿದೆ, ಗತ್ತಿದೆ. ಆದರೆ ಕಣ್ಣು ಮುಚ್ಚಿ ಕೇಳಿದೆ ದೋಸ್ತ, ನಾಲ್ಕು ಸಿಲಿಂಡರ್ ಅಂತ ತಿಳಿಯುತ್ತದೆ. ನಿನಗೂ ಎರಡೇ ದಿನಕ್ಕೆ ತಿಳಿಯುತ್ತದೆ.

ಗೇರ್‌ಬಾಕ್ಸ್ ಬಗ್ಗೆ ಒಂದು ಮಾತು. ಬಿಎಂಡಬ್ಲ್ಯುದು ಎಂಟು ಗೇರಿನ ಮಾಮೂಲಿ ಆಟೊಮ್ಯಾಟಿಕ್, ಎಂಜಿನ್ನಿನ ಶಕ್ತಿಯನ್ನು ಎಣ್ಣೆಯ ಮೂಲಕ ದಾಟಿಸುವ ಟಾರ್ಕ್ ಕನ್ವರ್ಟರ್ ಇರುವಂಥದ್ದು. ಎಎಂಜಿಯ ಒಂಬತ್ತು ಗೇರಿನದರಲ್ಲಿ ಅದರ ಬದಲು ಎಣ್ಣೆಯಲ್ಲಿ ಮುಳುಗಿದ ಕ್ಲಚ್ ಇದೆ. ವೇಗದಲ್ಲಿ ಅದು ಚುರುಕು. ಸಂಜೆ ಸೂಪರ್ ಮಾರ್ಕೆಟ್ ಗದ್ದಲದಲ್ಲಿ ಇಂಚಿಂಚು ಸರಿಯುವಾಗ ಮಾತ್ರ ನನಗೆ ಬಿಎಂಡಬ್ಲ್ಯುನೇ ಹಿಡಿಸೀತು.

ಈಗ ನಮ್ಮ ರಸ್ತೆ. ನೀನು ಹೋದಾಗಿನಿಂದ ಎಷ್ಟೋ ಸುಧಾರಿಸಿದೆ, ಸುಳ್ಳು ಹೇಳಲ್ಲ. ಹುಮನಾಬಾದ್ ದಾಟಿ 65ನೇ ಹೆದ್ದಾರಿ ಹಿಡಿದರೆ ಹೈದರಾಬಾದಿನ ತನಕ ನಾಲ್ಕು ಲೇನ್. ಆದರೆ ನೆಲ ನಮ್ಮದು ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಮೇಲೆ ಎಷ್ಟು ಡಾಂಬರು ಹಾಕಿದರೂ ವರ್ಷ ಎರಡು ವರ್ಷಕ್ಕೆ ರಸ್ತೆ ಅಲೆ ಅಲೆ ಆಗುತ್ತದೆ. ಊರೂರಿನ ಮುಂದೆ ಬಣ್ಣ ಬಳಿಯದ ಹಂಪುಗಳು ಬೇರೆ. ನನ್ನ ಅಂಗಡಿಗೆ ಹೋದ ಮಳೆಗಾಲದಲ್ಲಿ ಒಂದು ದೊಡ್ಡ ಗಾಡಿ ಬಂತು. ಯಾವ ಕಂಪನಿಯದು ಅನ್ನುವುದು ಬೇಡ. ಒಂದೇ ಗುಂಡಿಗೆ ಎರಡು ಟೈರ್ ಉಬ್ಬಿದ್ದವು, ಒಂದು ರಿಮ್ ಸೀಳಿತ್ತು. ಸೈಜ್ ಇಲ್ಲಿ ಸಿಗಲಿಲ್ಲ. ಗಾಡಿ ನಾಲ್ಕು ದಿನ ನನ್ನ ಹತ್ತಿರವೇ ನಿಂತಿತ್ತು. ನೀನು ಯಾವುದೇ ತಗೋ, ಅಂಥ ತೆಳು ಟೈರೇ ಇರುತ್ತದೆ. ಸ್ಟೆಪ್ನಿ ಕೊಡುತ್ತಾರಾ ಕೇಳು. ಟೈರು ಮತ್ತು ರಿಮ್ಮಿಗೆ ಬೇರೆ ಇನ್ಶೂರೆನ್ಸ್ ಮಾಡಿಸು. ತೊಗರಿ ಸುಗ್ಗಿಯಲ್ಲಿ ಟ್ರ್ಯಾಕ್ಟರುಗಳು ಲೈಟಿಲ್ಲದೆ ಬರುತ್ತವೆ, ಕತ್ತಲಾದ ಮೇಲೆ ಹಳ್ಳಿ ರಸ್ತೆಗೆ ಈ ಗಾಡಿ ತೆಗೆಯಬೇಡ. ಇದನ್ನು ಕೈ ಮುಗಿದು ಹೇಳುತ್ತೇನೆ.

ವೇಗದ ವಿಷಯವೂ ಅಷ್ಟೇ. ನಾಲ್ಕು ಲೇನಿನ ರಸ್ತೆಯಲ್ಲಿ ಕಾರಿಗೆ ಮಿತಿ 100. ಕರ್ನಾಟಕದಲ್ಲಿ 2024ರ ಆಗಸ್ಟಿನಿಂದ 130 ದಾಟಿದರೆ ಪೊಲೀಸರು ಎಫ್‌ಐಆರ್ ಹಾಕುತ್ತಾರೆ. ಗಾಡಿಯ ನಿಜವಾದ ಶಕ್ತಿ ನೋಡಬೇಕಾದರೆ ಚೆನ್ನೈ ಹತ್ತಿರ ಶ್ರೀಪೆರಂಬದೂರಿನ ಕಡೆ 3.7 ಕಿಲೋಮೀಟರಿನ ರೇಸ್ ಟ್ರ್ಯಾಕ್ ಇದೆ. ವರ್ಷಕ್ಕೊಮ್ಮೆ ಇಬ್ಬರೂ ಹೋಗೋಣ. ಅಲ್ಲಿ ಮನಸ್ಸು ತುಂಬ ಓಡಿಸು.

ದುಡ್ಡು ನಿನಗೆ ಭಾರವಲ್ಲ ಅಂತ ಗೊತ್ತು, ಆದರೂ ಕೇಳು. ಸಿ43 ಪೂರ್ತಿ ತಯಾರಾಗಿ ಹೊರದೇಶದಿಂದ ಬರುತ್ತದೆ. 2023ರ ನವೆಂಬರಿನಲ್ಲಿ ಬಿಟ್ಟಾಗ ಶೋರೂಮ್ ಬೆಲೆಯೇ 98 ಲಕ್ಷ. ಎಂ340ಐ ಚೆನ್ನೈಯಲ್ಲೇ ಜೋಡಣೆ ಆಗುತ್ತದೆ, ಅದಕ್ಕೇ ಅದು ಎಷ್ಟೋ ಲಕ್ಷ ಕಡಿಮೆ. ನಮ್ಮ ರಾಜ್ಯದಲ್ಲಿ 20 ಲಕ್ಷ ಮೀರಿದ ಕಾರಿಗೆ ರೋಡ್ ಟ್ಯಾಕ್ಸ್ 18 ಪರ್ಸೆಂಟ್, ಅದರ ಮೇಲೆ ಸೆಸ್. 98 ಲಕ್ಷಕ್ಕೆ ಟ್ಯಾಕ್ಸೇ 17 ಲಕ್ಷ ದಾಟುತ್ತದೆ. ಬೇರೆ ರಾಜ್ಯದಲ್ಲಿ ನೋಂದಣಿ ಮಾಡಿಸುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡ. ನಂಬರ್ ನಮ್ಮ ಕಲಬುರಗಿಯ ಕೆಎ 32 ಇರಲಿ. ಉಳಿಯುವ ದುಡ್ಡಿನಲ್ಲಿ ಮಿಲ್ಲಿಗೆ ಹೊಸ ಮೆಷಿನ್ ಹಾಕಿಸಬಹುದು ಅಲ್ವಾ?

ಇದೆಲ್ಲಕ್ಕಿಂತ ಜಾಸ್ತಿ ನನಗೆ ಚಿಂತೆ ಇರುವುದು ಅವ್ವನದು. ಅವರ ಮೊಣಕಾಲು ನೋವು ನೀನು ಹೋದ ಮೇಲೆ ಹೆಚ್ಚಾಗಿದೆ. ಫೋನಿನಲ್ಲಿ ನಿನಗೆ ಹೇಳಿರಲ್ಲ. ಗುಡಿಯ ಮೆಟ್ಟಿಲು ಇಳಿಯಲು ನನ್ನ ಭುಜ ಹಿಡಿದುಕೊಂಡರು. ಈ ಎರಡೂ ಗಾಡಿ ನೆಲಕ್ಕೆ ಹತ್ತಿರ. ಹಿಂದಿನ ಸೀಟಿನಲ್ಲಿ ಕೂರುವುದು ಸುಲಭ, ಏಳುವುದು ಕಷ್ಟ. ಗಾಣಗಾಪುರಕ್ಕೆ ಮಗನ ಕಾರಿನಲ್ಲಿ ಹೋಗಬೇಕು ಅಂತ ಅವರು ಈಗಲೇ ಎಲ್ಲರಿಗೂ ಹೇಳಿಕೊಂಡು ಓಡಾಡುತ್ತಿದ್ದಾರೆ. ಅವರಿಗೆ ಏಳಲು ಆಗದಿದ್ದರೆ ನಾನು ಹೊಗಳಿದ ಎಂ340ಐ ಕೂಡ ಬೇಡ. ಎತ್ತರದ ಗಾಡಿ ಬೇರೆ ನೋಡೋಣ.

ನೀನು ಬಂದ ಮೊದಲ ಭಾನುವಾರ ಖಾಲಿ ಇಟ್ಟುಕೋ. ಬೆಳಿಗ್ಗೆ ಐದಕ್ಕೆ ಹೊರಡೋಣ, ಬಿಸಿಲೇರುವ ಮುಂಚೆ ಹೈದರಾಬಾದ್ ಮುಟ್ಟುತ್ತೇವೆ. ಎರಡೂ ಶೋರೂಮಿಗೆ ನಾನು ಹೇಳಿಟ್ಟಿರುತ್ತೇನೆ. ಟೆಸ್ಟ್ ಡ್ರೈವಿಗೆ ಅವ್ವನನ್ನು ಹಿಂದೆ ಕೂರಿಸು. ಮೂರು ಸಲ ಹತ್ತಿ ಇಳಿಯಲಿ. ನಾನು ಸುಮ್ನೆ ಪಕ್ಕದಲ್ಲಿ ನಿಂತು ಅವರ ಮೊಣಕಾಲನ್ನೇ ನೋಡುತ್ತಿರುತ್ತೇನೆ, ನೀನು ಎಂಜಿನ್ ಕೇಳು.

ನಿನ್ನ ದೋಸ್ತ