ಹೊಳೆಗಿಳಿಸುವ ಪೆಟ್ಟಿಗೆಯ ವಿಚಾರವಾಗಿ ಮಗಳಿಗೆ

ಪ್ರೀತಿಯ ಮಗಳೇ,

ನೀನು ಕಳುಹಿಸಿದ ನಕ್ಷೆ ಮತ್ತು ಅಳತೆಗಳು ತಲುಪಿದವು. ಹೊರಗಿನ ಗಿರಾಕಿಗಳಂತೆ ಮುಂಗಡವನ್ನೂ ಕಳುಹಿಸಿದ್ದೀಯೆ. ಅದನ್ನು ಇಂದೇ ನಿನ್ನ ಖಾತೆಗೆ ಹಿಂತಿರುಗಿಸಿದ್ದೇನೆ. ನಿನ್ನನ್ನು ಒಳಗಿಟ್ಟು ಬೀಗ ಹಾಕಿ ಚಂದ್ರಗಿರಿ ಹೊಳೆಗೆ ಇಳಿಸುವ, ನೀನೇ ಬಿಡಿಸಿಕೊಂಡು ಹೊರಬರಬೇಕಾದ ಜಾದೂ ಪೆಟ್ಟಿಗೆಯನ್ನು ನಾನು ಮಾಡಿಕೊಡಲಾರೆ. ಫೋನಿನಲ್ಲಿ ದನಿ ಏರಿಸಿದ್ದಕ್ಕೆ ಬೇಸರಪಡಬೇಡ, ಆದರೆ ನನ್ನ ಉತ್ತರ ಬದಲಾಗಿಲ್ಲ.

ಕುಂಬಳೆಯ ಪ್ರದರ್ಶನದ ರಾತ್ರಿಯನ್ನು ನಿನಗೆ ನೆನಪಿಸಬೇಕಾಗಿಲ್ಲ. ಆದರೆ ನೀನು ಪೆಟ್ಟಿಗೆಯ ಒಳಗಿದ್ದೆ, ಹೊರಗೆ ನಡೆದದ್ದು ನಿನಗೆ ಗೊತ್ತಿಲ್ಲ. ಅಕಾಲದ ಮಳೆಗೆ, ನೀನು ಸರಿಸಿ ಹೊರಬರಬೇಕಾದ ಗುಟ್ಟಿನ ಜಾರುಹಲಗೆ ಉಬ್ಬಿ ಸಂದಿನಲ್ಲಿ ಬಿಗಿದುಕೊಂಡಿತ್ತು. ಕೈಕಟ್ಟು ಬಿಚ್ಚಿದೊಡನೆ ನೀನು ಬೆರಳಗಂಟಿನಿಂದ ಎರಡು ಸಲ ಬಡಿಯಬೇಕೆಂಬುದು ನಮ್ಮ ಸಂಕೇತ. ಆ ಸದ್ದು ಬರಲಿಲ್ಲ. ಹಾರ್ಮೋನಿಯಂನವರು ನುಡಿಸಿದ್ದನ್ನೇ ಮತ್ತೆ ನುಡಿಸುತ್ತಿದ್ದರು, ಮುಂದಿನ ಸಾಲಿನ ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ನಾನು ಮುಚ್ಚಳಕ್ಕೆ ಕಿವಿಯಿಟ್ಟು ನಿಂತೆ, ಪ್ರೇಕ್ಷಕರು ಅದನ್ನೂ ಆಟದ ಭಾಗವೆಂದುಕೊಂಡರು. ಕೊನೆಗೆ ಸಭೆಯೆದುರೇ ಬೀಗ ತೆಗೆದಾಗ ನೀನು ಹಲಗೆಗೆ ಹೆಗಲು ಕೊಟ್ಟು ತಳ್ಳುತ್ತಿದ್ದೆ, ನಿನ್ನ ಉಗುರಿನ ಸಂದಿಯಲ್ಲಿ ಕರಿ ಬಣ್ಣ ಮೆತ್ತಿಕೊಂಡಿತ್ತು. "ಇನ್ನು ಸ್ವಲ್ಪ ಹೊತ್ತು ಬಿಟ್ಟಿದ್ದರೆ ನಾನೇ ತೆಗೆಯುತ್ತಿದ್ದೆ" ಎಂದು ಸಿಟ್ಟಾದೆ. ಅದು ಒಣನೆಲದ ಮೇಲಿನ ಪೆಟ್ಟಿಗೆ, ಉಸಿರಾಡಲು ಗಾಳಿಯಿತ್ತು, ನಾನು ಕೈಯಳತೆಯಲ್ಲಿದ್ದೆ. ಆ ಮೌನ ಈಗಲೂ ನನ್ನ ನಿದ್ದೆ ಕೆಡಿಸುತ್ತದೆ.

ನಾನು ವೇದಿಕೆ ಬಿಟ್ಟು ಜಾದೂ ಸಾಮಗ್ರಿಗಳ ಕಾರ್ಖಾನೆ ತೆರೆದದ್ದು ಸಂಪಾದನೆಗಾಗಿ ಎಂದು ಊರಿನವರು ತಿಳಿದಿದ್ದಾರೆ. ಸಂಪಾದನೆಯೂ ಬೇಕಿತ್ತು. ಆದರೆ ಬೇಸಿಗೆಯಲ್ಲಿ ಸಲೀಸಾಗಿ ಜಾರುವ ಹಲಗೆ ಮಳೆ ಸುರಿಯುವ ಆಟಿ ತಿಂಗಳಲ್ಲಿ ಜಾರುವುದಿಲ್ಲವೆಂದು ತಿಳಿದವನು, ಅಂಥ ಪೆಟ್ಟಿಗೆಗಳನ್ನು ಬೇರೆಯವರ ಮಕ್ಕಳಿಗಾಗಿ ಸರಿಯಾಗಿ ಮಾಡಿಕೊಡಬೇಕು ಎಂಬುದು ನನ್ನ ಹಟವಾಗಿತ್ತು. ನಮ್ಮಲ್ಲಿಂದ ಹೊರಟ ಪ್ರತಿ ಪೆಟ್ಟಿಗೆಗೂ ತೆರೆದುಕೊಳ್ಳಲು ಒಂದಕ್ಕಿಂತ ಹೆಚ್ಚು ದಾರಿಯಿದೆ.

ಕಟ್ಟು, ಬೀಗಗಳಿಂದ ಬಿಡಿಸಿಕೊಳ್ಳುವ ಆಟಕ್ಕೆ ಹೆಸರಾದ ಜಾದೂಗಾರ ಹೂಡಿನಿಯ ಉದಾಹರಣೆಯನ್ನು ನೀನು ಕೊಟ್ಟೆ. ಹೌದು, 1912ರ ಜುಲೈನಲ್ಲಿ ನ್ಯೂಯಾರ್ಕಿನ ಈಸ್ಟ್ ನದಿಯಲ್ಲಿ, ಮೊಳೆ ಹೊಡೆದು ಸೀಸದ ಭಾರ ಕಟ್ಟಿದ ಪೆಟ್ಟಿಗೆಯಿಂದ ಅವರು ಒಂದು ನಿಮಿಷದೊಳಗೆ ಹೊರಬಂದರು. ಅವರು ಸತ್ತದ್ದು ನೀರಿನಲ್ಲಲ್ಲ, 1926ರಲ್ಲಿ ಡೆಟ್ರಾಯಿಟಿನ ಆಸ್ಪತ್ರೆಯಲ್ಲಿ ಎಂಬುದೂ ನಿಜ. ಆದರೆ 2019ರ ಜೂನ್ 16ರಂದು ಕೋಲ್ಕತ್ತದಲ್ಲಿ, ಹೂಡಿನಿಯ ಹಾದಿಯಲ್ಲೇ ಸರಪಳಿ ಬಿಗಿಸಿಕೊಂಡು ಹೂಗ್ಲಿ ನದಿಗಿಳಿದ ಜಾದೂಗಾರ ಚಂಚಲ್ ಲಾಹಿರಿಯವರು ಮೇಲೆ ಬರಲಿಲ್ಲ. ಹಿಂದೊಮ್ಮೆ ಅದೇ ನದಿಯಿಂದ ಪಾರಾಗಿ ಬಂದವರು ಅವರು. ಅನುಭವ ಸಾಲದೆ ಹೋಯಿತೆಂದು ಹೇಗೆ ಹೇಳಲಿ? ಮಳೆಗಾಲದಲ್ಲಿ ಕೊಡಗಿನ ಕೆಸರನ್ನೆಲ್ಲ ಹೊತ್ತು ತರುವ ನಮ್ಮ ಹೊಳೆ, ಅಳಿವೆಯ ಬಳಿ ಉಬ್ಬರವಿಳಿತಕ್ಕೆ ದಿಕ್ಕು ಬದಲಿಸುತ್ತದೆ. ಕಣ್ಣಿಗೆ ಏನೂ ಕಾಣದ ನೀರಿನಲ್ಲಿ ಬೆರಳುಗಳಿಗೆ ಎಷ್ಟು ವಿದ್ಯೆಯಿದ್ದರೆ ತಾನೆ ಏನು?

ಆ ಬೆರಳುಗಳ ಬಗ್ಗೆ ನನಗೆಷ್ಟು ಹೆಮ್ಮೆಯೆಂದು ನಿನಗೆ ಎಂದೂ ಹೇಳಿಲ್ಲ. ನಾಲ್ಕು ನಾಣ್ಯಗಳನ್ನು ಬೆರಳ ಸಂದುಗಳಲ್ಲಿ ಒಂದೊಂದಾಗಿ ಹುಟ್ಟಿಸುವಾಗ ನಿನ್ನ ಹೆಬ್ಬೆರಳು ಅಲುಗುವುದೇ ಇಲ್ಲ; ನನ್ನದು ಅಲುಗುತ್ತಿತ್ತು. ಅಂಥ ವಿದ್ಯೆಗೆ ಹತ್ತಿರ ಕೂತು ನೋಡುವ ಸಭೆ ಬೇಕು, ಸೇತುವೆಯ ಮೇಲಿನ ಜಂಗುಳಿಯಲ್ಲ. ಪರ್ಸಿ ಅಬಾಟ್ ಅವರನ್ನು ನೋಡು. ಆಸ್ಟ್ರೇಲಿಯಾದಲ್ಲಿ ಹುಟ್ಟಿ ದೇಶದೇಶಗಳಲ್ಲಿ ಆಟ ತೋರಿಸಿದವರು, ಅಮೆರಿಕದ ಮಿಷಿಗನ್ ರಾಜ್ಯದ ಕೊಲೊನ್ ಎಂಬ ಪುಟ್ಟ ಊರಿನಲ್ಲಿ ಮಹಾ ಜಾದೂಗಾರ ಬ್ಲ್ಯಾಕ್‌ಸ್ಟೋನ್ ಜೊತೆ ಪಾಲುದಾರರಾದರು. ಪಾಲುದಾರಿಕೆ ಮುರಿದ ಮೇಲೂ ಆ ಊರು ಬಿಡದೆ, 1934ರಲ್ಲಿ ರೆಸಿಲ್ ಬೋರ್ಡ್ನರ್ ಜೊತೆ ಸೇರಿ ಜಾದೂ ಸಾಮಗ್ರಿಗಳ ಸ್ವಂತ ಕಂಪನಿ ಕಟ್ಟಿದರು. ಜಾದೂಗಾರರು ಇಂದಿಗೂ ಆ ಊರಿಗೆ ಹೋಗುತ್ತಾರೆ. ಬದಿಯಡ್ಕದ ಹಾದಿಯ ನಮ್ಮ ಕಾರ್ಖಾನೆಯನ್ನು ನೀನು ಹಾಗೆ ಬೆಳೆಸಬಲ್ಲೆ. ಕನ್ನಡ, ತುಳು, ಮಲಯಾಳ ಮೂರರಲ್ಲೂ ಸಭೆಯನ್ನು ಹಿಡಿದಿಡಬಲ್ಲವಳು ನೀನು. ಇದು ಉಪದೇಶವಾಯಿತೆಂದು ಗೊತ್ತು, ಆದರೂ ಹೇಳದೆ ಇರಲಾರೆ.

ನಾನು ಒಲ್ಲೆನೆಂದರೆ ನೀನು ಮಂಗಳೂರಿನಲ್ಲಿ ಯಾರಿಂದಲಾದರೂ ಮಾಡಿಸುತ್ತೀಯೆಂದು ನಿನ್ನಮ್ಮ ಹೇಳುತ್ತಾಳೆ. ಹಾಗಿದ್ದರೆ ಇದನ್ನು ಬರೆದುಕೋ. ಜಾರುಹಲಗೆ ಮರದ್ದಾಗಬಾರದು. ತಿರುಪುಗಳು ಹಿತ್ತಾಳೆಯವಿರಲಿ, ಉಪ್ಪುನೀರಿಗೆ ಕಬ್ಬಿಣ ಬೇಗ ಕಚ್ಚಿಕೊಳ್ಳುತ್ತದೆ. ಹೊರಗಿನಿಂದ ಒಂದೇ ಎಳೆತಕ್ಕೆ ಕಳಚುವ ಎರಡನೆಯ ಬಾಗಿಲು ಇರಲೇಬೇಕು. ಗಾಳಿಯ ಸಿಲಿಂಡರ್ ಕಟ್ಟಿಕೊಂಡ ಇಬ್ಬರು ಮುಳುಗುಗಾರರು ನಿನಗಿಂತ ಮೊದಲೇ ನೀರಿನಲ್ಲಿರಬೇಕು, ಬೀಗದ ಕೈ ಅವರಿಬ್ಬರಲ್ಲೂ ಇರಬೇಕು. ಮೊದಲು ಈಜುಕೊಳದಲ್ಲಿ ಅಭ್ಯಾಸವಾಗಲಿ, ಆ ದಿನ ನನಗೆ ತಿಳಿಸು, ನಾನು ಬರುತ್ತೇನೆ. ನಕ್ಷೆಯಲ್ಲಿ ತಳದ ಅಗಲ ನಾಲ್ಕು ಅಂಗುಲ ಕಡಿಮೆಯಿದೆ; ಮೊಣಕಾಲು ಮಡಚಿ ತಿರುಗಲು ನಿನಗೆ ಅದು ಸಾಲದು, ತಿದ್ದಿ ಇದರ ಜೊತೆ ಇಟ್ಟಿದ್ದೇನೆ.

ಇತಿ,
ನಿನ್ನ ಅಪ್ಪ