ಭಾನುವಾರ ಮೈದಾನಕ್ಕೆ ಬೀಗ ಯಾಕೆ?

ಸಂಪಾದಕರೇ,

ಜಗತ್ತಿನ ಶ್ರೇಷ್ಠ ಗಾಲ್ಫ್ ಮೈದಾನ ಅಂದ ಕೂಡಲೇ ಅಮೆರಿಕದ ಅಗಸ್ಟಾ ನ್ಯಾಷನಲ್ ಹೆಸರು ಬರುತ್ತದೆ. ಚೆಂದ ಇದೆ, ಒಪ್ಪೋಣ. ಆದರೆ ಅದು ಖಾಸಗಿ ಕ್ಲಬ್, ಕಂಡಕಂಡವರಿಗೆ ಒಳಗೆ ಬಿಡುವುದಿಲ್ಲ. ನನ್ನ ಮತ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ಓಲ್ಡ್ ಕೋರ್ಸ್‌ಗೆ. ಅಲ್ಲಿನ 14ನೇ ಕುಳಿಯ ದಾರಿಯಲ್ಲಿ 'ಹೆಲ್ ಬಂಕರ್' ಎಂಬ ದೊಡ್ಡ ಮರಳುಗುಂಡಿ ಇದೆ, 1995ರ 'ಓಪನ್' ಗಾಲ್ಫ್ ಪಂದ್ಯಾವಳಿಯಲ್ಲಿ ಜಾಕ್ ನಿಕ್ಲಾಸ್ ಅಂಥ ದಿಗ್ಗಜ ಆಟಗಾರರಿಗೇ ಅದರಿಂದ ಚೆಂಡು ಹೊರಹಾಕಲು ನಾಲ್ಕು ಹೊಡೆತ ಬೇಕಾದವು! ಇಷ್ಟು ಹೆಸರಿದ್ದರೂ ಅದು ಸಾರ್ವಜನಿಕ ಜಾಗ. ಭಾನುವಾರ ಸಾಮಾನ್ಯವಾಗಿ ಆಟ ಬಂದ್, ಊರವರು ನಾಯಿ ಹಿಡಿದುಕೊಂಡು ಸುಮ್ನೆ ಅಡ್ಡಾಡುತ್ತಾರೆ.

ನಮ್ಮ ಬಡಾವಣೆಯ ಮೈದಾನಕ್ಕೆ ಮಾತ್ರ ಭಾನುವಾರವೇ ಬೀಗ. ಹುಡುಗರು ಬ್ಯಾಟ್ ಎಸೆದು, ಆಮೇಲೆ ತಾವು ಕಾಂಪೌಂಡ್ ಹಾರುತ್ತಾರೆ. ಬೆಳಿಗ್ಗೆ ಎರಡು ತಾಸು ಗೇಟ್ ತೆಗೆದರೆ ಯಾರ ಗಂಟೇನು ಹೋಗುತ್ತದೆ?

– ಓದುಗ, ವಿಜಯಪುರ