ಪ್ರೊಬಯಾಟಿಕ್ ಮಾತ್ರೆಗಿಂತ ಅಲಸಂದೆ ಪಲ್ಯ

ಮಾನ್ಯರೇ,

ಕ್ಯಾನ್ಸರ್ ರೋಗಿಗಳನ್ನು ನೋಡಲು ಬರುವ ನೆಂಟರು ಈಗೀಗ ಎಳನೀರಿನ ಜೊತೆ ಪ್ರೊಬಯಾಟಿಕ್ (ಕರುಳಿಗೆ ಒಳ್ಳೆಯದೆನ್ನುವ ಜೀವಂತ ಬ್ಯಾಕ್ಟೀರಿಯಾದ) ಮಾತ್ರೆಯನ್ನೂ ತರುತ್ತಾರೆ. ಇಮ್ಯುನೋಥೆರಪಿ (ದೇಹದ ರೋಗನಿರೋಧಕ ಶಕ್ತಿಯಿಂದಲೇ ಕ್ಯಾನ್ಸರ್ ಎದುರಿಸುವ ಚಿಕಿತ್ಸೆ) ಪಡೆಯುವವರು ವೈದ್ಯರನ್ನು ಕೇಳದೆ ಅದನ್ನು ನುಂಗಬಾರದು. 2021ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಮೆಲನೋಮಾ (ಒಂದು ಬಗೆಯ ಚರ್ಮದ ಕ್ಯಾನ್ಸರ್) ಅಧ್ಯಯನದಲ್ಲಿ, ದಿನಕ್ಕೆ ಕನಿಷ್ಠ 20 ಗ್ರಾಂ ನಾರು ತಿಂದು ಪ್ರೊಬಯಾಟಿಕ್ ಮುಟ್ಟದವರಲ್ಲೇ ರೋಗ ಹೆಚ್ಚು ಕಾಲ ಹತೋಟಿಯಲ್ಲಿತ್ತು. ಇಲಿಗಳಲ್ಲಂತೂ ಇಮ್ಯುನೋಥೆರಪಿಯ ಪರಿಣಾಮವನ್ನೇ ಪ್ರೊಬಯಾಟಿಕ್ ಕುಗ್ಗಿಸಿತು. ಒಂದೇ ಬಗೆಯ ಕ್ಯಾನ್ಸರಿನ ಅಧ್ಯಯನ, ನಿಜ. ಆದರೂ ಎಚ್ಚರಿಕೆಗೆ ಅಷ್ಟು ಸಾಕು.

50 ಗ್ರಾಂ ಒಣ ಅಲಸಂದೆಯಲ್ಲಿ ಸುಮಾರು 5 ಗ್ರಾಂ ನಾರಿದೆ, ನೂರು ಗ್ರಾಂ ಪೇರಲೆಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಹುರುಳಿ ಕಟ್ಟು ಬಸಿದು ಸಾರು ಮಾಡಿ ಕಾಳನ್ನು ದನಕ್ಕೆ ಹಾಕಿದರೆ ನಾರೂ ಕೊಟ್ಟಿಗೆ ಸೇರಿತು! ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸುತ್ತದೆ. ಕೆಲವು ದಿನಕ್ಕೊಮ್ಮೆ 3-4 ಗ್ರಾಂ ಏರಿಸುತ್ತ, ನೀರು ಹೆಚ್ಚು ಕುಡಿಯಬೇಕು. ಕೀಮೋದಿಂದ ಭೇದಿಯಿದ್ದಾಗ, ಕರುಳಿನ ಶಸ್ತ್ರಚಿಕಿತ್ಸೆಯಾದ ಹೊಸದರಲ್ಲಿ ನಾರು ಬೇಡ, ಮೆತ್ತಗಿನ ಗಂಜಿಯೇ ಸರಿ. ಬಿಳಿ ರಕ್ತಕಣ ಕುಸಿದಿದ್ದರೆ ಹಸಿ ತಂಬುಳಿಯೂ ಬೇಡ.

ನೆಗಡಿಗೆಲ್ಲ ಅಂಗಡಿಯಿಂದ ಆ್ಯಂಟಿಬಯಾಟಿಕ್ ತಂದು ನುಂಗುವುದು ನಾರು ತಿಂದು ಬದುಕುವ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾವನ್ನು ಸುಮ್ಮನೆ ಕೊಲ್ಲುತ್ತದೆ. ಇನ್ನು ಅಡಿಕೆ: ತಂಬಾಕಿಲ್ಲದಿದ್ದರೂ ಅದು ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ವರ್ಗೀಕರಿಸಿದೆ. ಅಡಿಕೆ ಬೆಳೆಯುವ ಶಿರಸಿಯಲ್ಲಿ ಕೂತು ಇದನ್ನು ಬರೆಯಲು ಮುಜುಗರವೇ.

- ಆಹಾರ ಸಲಹೆಗಾರರು, ಶಿರಸಿ